ಲಿಂಟ್ ಪಾಸಾದರೂ ಬಟನ್‌ಗೆ ಹೆಸರಿರಲಿಲ್ಲ

ಊರಿನ ಗ್ರಂಥಾಲಯಕ್ಕೆ ರಿಯಾಕ್ಟ್‌ನಲ್ಲಿ ಸೈಟ್ ಮಾಡುತ್ತಿದ್ದೀರಿ, ಕಣ್ಣು ಕಾಣದವರೂ ಅದನ್ನು ಬಳಸುವಂತಿರಬೇಕು, ತಪ್ಪುಗಳು ಕೋಡ್ ಬರೆಯುವಾಗಲೇ ಗೊತ್ತಾಗುತ್ತವಾ ಅಂತ ಕೇಳಿದ್ದೀರಿ, ಅಲ್ವಾ? ಎಲ್ಲವೂ ಗೊತ್ತಾಗಲ್ಲ. ಆದರೆ ತುಂಬಾ ಸಿಗುತ್ತವೆ.

ಕೋಡನ್ನು ಓಡಿಸದೆಯೇ ಓದಿ ತಪ್ಪು ತೋರಿಸುವ ಇಎಸ್‌ಲಿಂಟ್ (ಚಿಕ್ಕದಾಗಿ ಲಿಂಟ್) ಹೇಗೂ ಇರುತ್ತದೆ. ಅದಕ್ಕೆ ರಿಯಾಕ್ಟ್ ಕೋಡ್‌ನಲ್ಲಿ ಇಂಥ ತಪ್ಪುಗಳನ್ನು ಹುಡುಕುವ ಜೆಎಸ್‌ಎಕ್ಸ್-ಎ11ವೈ ಪ್ಲಗಿನ್ ಸೇರಿಸಿ, ರೆಕಮೆಂಡೆಡ್ ನಿಯಮಗಳನ್ನು ಆನ್ ಮಾಡಿ. ಚಿತ್ರಕ್ಕೆ ಆಲ್ಟ್ (ಚಿತ್ರದ ಬದಲು ಓದಿ ಹೇಳುವ ಪಠ್ಯ) ಬಿಟ್ಟರೆ, ಡಿವ್‌ಗೆ ಆನ್‌ಕ್ಲಿಕ್ ಕೊಟ್ಟು ಕೀಬೋರ್ಡ್ ಮರೆತರೆ, ಆರಿಯಾ (ಸ್ಕ್ರೀನ್ ರೀಡರ್‌ಗೆ ಮಾಹಿತಿ ಕೊಡುವ ಗುಣಗಳು) ಹೆಸರಿನ ಸ್ಪೆಲಿಂಗ್ ತಪ್ಪಿದರೆ ಎಡಿಟರ್‌ನಲ್ಲೇ ಗೆರೆ ಬೀಳುತ್ತದೆ. ರಿಯಾಕ್ಟ್ ಬದಲು ಸ್ವೆಲ್ಟ್ ಬಳಸುವವರಿಗೆ ಇಂಥ ಎಚ್ಚರಿಕೆಗಳನ್ನು ಕಂಪೈಲರೇ ಕೊಡುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ನಾನು ಮಾಡಿದ ಒಂದು ಪಟ್ಟಿಯ ಪುಟದಲ್ಲಿ ಲಿಂಟ್ ಒಂದು ಮಾತೂ ಆಡಿರಲಿಲ್ಲ. ಎನ್‌ವಿಡಿಎ (ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್) ಹಾಕಿ ಟ್ಯಾಬ್ ಒತ್ತುತ್ತಾ ಹೋದರೆ ಪ್ರತಿ ಸಾಲಿನಲ್ಲೂ ಕೇಳಿದ್ದು ಬರೀ "ಬಟನ್", "ಬಟನ್", "ಬಟನ್". ಅದು ಅಳಿಸುವ ಬಟನ್. ಒಳಗೆ ಕಸದ ಬುಟ್ಟಿಯ ಐಕಾನ್ ಮಾತ್ರ ಇತ್ತು. ಕಾಣದವರು ಏನು ಅಳಿಸುತ್ತಿದ್ದೇವೆ ಅಂತಲೇ ಗೊತ್ತಾಗದೆ ಎಂಟರ್ ಒತ್ತಬೇಕಿತ್ತು. ಅವತ್ತು ನನಗೆ ತುಂಬಾ ಬೇಜಾರಾಯಿತು.

ಲಿಂಟ್ ಯಾಕೆ ಸುಮ್ಮನಿತ್ತು? ನಾನೇ ಬರೆದ ಐಕಾನ್‌ಬಟನ್ ಅನ್ನೋ ಕಾಂಪೊನೆಂಟ್ (ಮತ್ತೆ ಮತ್ತೆ ಬಳಸುವ ಕೋಡ್ ತುಂಡು) ನಿಜಕ್ಕೂ ಬಟನ್ ಅಂತ ಅದಕ್ಕೆ ಗೊತ್ತಿರಲಿಲ್ಲ. ಪ್ಲಗಿನ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಂಪೊನೆಂಟ್ಸ್ ಅಂತ ಒಂದು ಜಾಗವಿದೆ. ಯಾವ ಕಾಂಪೊನೆಂಟ್ ಯಾವ ಟ್ಯಾಗ್ ಆಗುತ್ತದೆ ಅಂತ ಅಲ್ಲಿ ಬರೆಯಿರಿ. ಇನ್ನೊಂದು ಕಾರಣ, ಬಟನ್‌ಗೆ ಹೆಸರಿದೆಯಾ ಅಂತ ನೋಡುವ ಕಂಟ್ರೋಲ್-ಹ್ಯಾಸ್-ಅಸೋಸಿಯೇಟೆಡ್-ಲೇಬಲ್ ನಿಯಮ ರೆಕಮೆಂಡೆಡ್‌ನಲ್ಲಿ ಆಫ್ ಇರುತ್ತದೆ. ನೀವೇ ಆನ್ ಮಾಡಬೇಕು. ಆಮೇಲೂ, ಐಕಾನ್ ಬೇರೆ ಫೈಲ್‌ನ ಕಾಂಪೊನೆಂಟ್ ಆಗಿದ್ದರೆ ಅದರೊಳಗೆ ಏನಿದೆ ಅಂತ ಲಿಂಟ್‌ಗೆ ಕಾಣುವುದಿಲ್ಲ. ಅದಕ್ಕೇ ಟೈಪ್‌ಸ್ಕ್ರಿಪ್ಟ್ ಇದ್ದರೆ ಐಕಾನ್‌ಬಟನ್‌ನ ಟೈಪ್‌ನಲ್ಲಿ ಲೇಬಲ್ ಅನ್ನು ಕಡ್ಡಾಯ ಮಾಡಿಬಿಡಿ. ಮರೆತರೆ ಟೈಪ್ ಚೆಕ್ ಅಲ್ಲೇ ತಡೆಯುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಫಾರ್ಮ್‌ಗಳನ್ನೂ ನೋಡಿಕೊಳ್ಳಿ. ಲೇಬಲ್ ಟ್ಯಾಗ್ ಇದ್ದರೆ ಅದು ಇನ್‌ಪುಟ್‌ಗೆ ಸೇರಿದೆಯಾ ಅಂತ ಪ್ಲಗಿನ್ ನೋಡುತ್ತದೆ. ಲೇಬಲ್ಲೇ ಇಲ್ಲದೆ ಬರೀ ಪ್ಲೇಸ್‌ಹೋಲ್ಡರ್ (ಖಾಲಿ ಜಾಗದಲ್ಲಿ ಕಾಣುವ ಸುಳಿವು) ಇಟ್ಟರೆ ಏನೂ ಹೇಳುವುದಿಲ್ಲ. ಇಲ್ಲೂ ನಿಮ್ಮದೇ ಒಂದು ಫೀಲ್ಡ್ ಕಾಂಪೊನೆಂಟ್ ಮಾಡಿ, ಲೇಬಲ್ ಕಡ್ಡಾಯ ಮಾಡಿ.

ಕನ್ನಡ ಸೈಟ್ ಮಾಡುವವರೆಲ್ಲ ನೋಡಲೇಬೇಕಾದ ಜಾಗ ಇಂಡೆಕ್ಸ್ ಎಚ್‌ಟಿಎಂಎಲ್ ಫೈಲ್. ಪ್ರಾಜೆಕ್ಟ್ ಕಟ್ಟುವ ಸಾಧನವಾದ ವೀಟ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಪುಟದ ಭಾಷೆ ಹೇಳುವ ಲ್ಯಾಂಗ್ ಜಾಗದಲ್ಲಿ 'ಇಎನ್' (ಇಂಗ್ಲಿಷ್) ಅಂತ ಬಂದಿರುತ್ತದೆ. ಅದು ಜೆಎಸ್‌ಎಕ್ಸ್ (ರಿಯಾಕ್ಟ್ ಕೋಡ್) ಫೈಲ್ ಅಲ್ಲ, ಹಾಗಾಗಿ ಈ ಪ್ಲಗಿನ್ ಅದನ್ನು ಮುಟ್ಟುವುದೇ ಇಲ್ಲ. ಹಾಗೇ ಬಿಟ್ಟರೆ ಕನ್ನಡ ಪುಟಕ್ಕೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿ ಹಾಕಿಬಿಡಬಹುದು. 'ಕೆಎನ್' (ಕನ್ನಡ) ಅಂತ ಬದಲಾಯಿಸಿ. ಮಧ್ಯೆ ಇಂಗ್ಲಿಷ್ ಪ್ಯಾರಾ ಬಂದರೆ ಅದಕ್ಕೆ ಮಾತ್ರ 'ಇಎನ್' ಕೊಡಿ.

ಲಿಂಟ್ ಅನ್ನು ಕಮಿಟ್‌ಗೆ (ಬದಲಾವಣೆಯನ್ನು ಗಿಟ್‌ನಲ್ಲಿ ಉಳಿಸುವುದಕ್ಕೆ) ಮೊದಲು ಓಡುವಂತೆ ಹಸ್ಕಿ ಮತ್ತು ಲಿಂಟ್-ಸ್ಟೇಜ್ಡ್ ಅನ್ನೋ ಸಾಧನಗಳ ಜೊತೆ ಕಟ್ಟಿ. ಒಂದು ಎಚ್ಚರಿಕೆ ಬಂದರೂ ತಡೆಯುವಂತೆ ಮ್ಯಾಕ್ಸ್-ವಾರ್ನಿಂಗ್ಸ್ 0 ಇಡಿ, ಇಲ್ಲದಿದ್ದರೆ ಎಚ್ಚರಿಕೆಗಳು ಸುಮ್ನೆ ರಾಶಿ ಬೀಳುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ವ್ಯತ್ಯಾಸ ಮಾತ್ರ ಹೀಗೆ ಸಿಗುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಕನಿಷ್ಠ 4.5:1 ಇರಬೇಕು. ಅದಕ್ಕೆ ಪುಟ ತೆರೆದು ಆ್ಯಕ್ಸ್ (ತೆರೆದ ಪುಟವನ್ನೇ ಪರೀಕ್ಷಿಸುವ ಸಾಧನ) ಓಡಿಸಲೇಬೇಕು. ಆಲ್ಟ್‌ನಲ್ಲಿ ಬರೆದದ್ದಕ್ಕೆ ಅರ್ಥ ಇದೆಯಾ ಅನ್ನೋದನ್ನು ಮಾತ್ರ ನೀವೇ ಓದಿ ನೋಡಬೇಕು.

ನಿಮ್ಮ ಇಎಸ್‌ಲಿಂಟ್ ಕಾನ್ಫಿಗ್ ಇಲ್ಲೇ ಹಾಕಿ. ಕಾಂಪೊನೆಂಟ್‌ಗಳ ಹೆಸರುಗಳನ್ನೂ ಹೇಳಿ. ಆ ಸೆಟ್ಟಿಂಗ್ಸ್ ಭಾಗ ನಾನು ಬರೆದುಕೊಡುತ್ತೇನೆ.