ಬೆಲ್ಲದ ಹದ, ಹಿಟ್ಟಿನ ಉಬ್ಬು, ಮುಂದಿನ ಓದು

ಪ್ರಶ್ನೆ: ನಮ್ಮೂರ ಆಲೆಮನೆಯಲ್ಲಿ ಒಂದೇ ಗದ್ದೆಯ ಕಬ್ಬು ಒಂದು ದಿನ ಗಟ್ಟಿ ಬೆಲ್ಲ ಕೊಡುತ್ತೆ, ಇನ್ನೊಂದು ದಿನ ಕೈಗಂಟುವ ಜಿಗಟು ಬೆಲ್ಲ. ಯಾಕೆ? ಇದನ್ನೇ ಯೋಚಿಸ್ತಾ ಕೂತರೆ ಮನೆಯಲ್ಲಿ ‘ಇಂಜಿನಿಯರಿಂಗ್ ಸೀಟಿನ ಕಡೆ ನೋಡು’ ಅಂತಾರೆ. ಅದು ನನಗೆ ಬೇಡ. ಏನು ಬೇಕು ಅಂತಲೂ ಗೊತ್ತಾಗ್ತಿಲ್ಲ.
– ದ್ವಿತೀಯ ಪಿಯುಸಿ ವಿದ್ಯಾರ್ಥಿ, ಪಾಂಡವಪುರ ತಾಲ್ಲೂಕು

ಉತ್ತರ: ಮೊದಲು ಬೆಲ್ಲದ ವಿಚಾರ. ಕಬ್ಬಿನ ಹಾಲಿನ ಸಿಹಿಯಲ್ಲಿ ದೊಡ್ಡ ಪಾಲು ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆಯೇ. ಹರಳುಗಟ್ಟಿ ಬೆಲ್ಲಕ್ಕೆ ಗಟ್ಟಿತನ ಕೊಡುವುದು ಅದೇ. ಹಾಲು ಹುಟ್ಟಾ ಸ್ವಲ್ಪ ಹುಳಿ, ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ರಿಂದ 5.5ರ ಆಸುಪಾಸು. ಆ ಹುಳಿಯಲ್ಲೇ ಕಾಯಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ಹರಳುಗಟ್ಟಲು ಬಿಡುವುದಿಲ್ಲ, ಮೇಲಾಗಿ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಲ್ಲ ಬೆವರುವುದು ಇದರಿಂದಲೇ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಆ ಹುಳಿ ಮುರಿದು ಪಿಎಚ್ ಅನ್ನು 6ರ ಮೇಲಕ್ಕೆ ತರಲು. ಸುಣ್ಣ ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತದೆ, ರುಚಿಯೂ ಕೆಡುತ್ತದೆ. ಬೆಂಡೆಗಿಡ ಜಜ್ಜಿ ತೆಗೆದ ಲೋಳೆ ಮಡ್ಡಿಯನ್ನು ಹಿಡಿದು ಮೇಲೆ ತೇಲಿಸುತ್ತದೆ. ಹಾಲು ಜೋರು ಕುದಿಯುವ ಮುಂಚೆಯೇ ಅದನ್ನು ಬಾಚಿ ತೆಗೆಯಬೇಕು, ತಡವಾದರೆ ಮತ್ತೆ ಒಳಗೇ ಕಲಸಿಹೋಗುತ್ತದೆ. ಪಾಕ ಇಳಿಸುವ ಹದ 116ರಿಂದ 118 ಡಿಗ್ರಿ ಸೆಲ್ಸಿಯಸ್. ತಣ್ಣೀರಿಗೆ ಬಿಟ್ಟ ಪಾಕ ಬೆರಳಲ್ಲಿ ಉಂಡೆಯಾಗಬೇಕು. 105–106ಕ್ಕೇ ಇಳಿಸಿದರೆ ಸಿಗುವುದು ಜೋನಿ ಬೆಲ್ಲ.

ಒಂದೇ ಗದ್ದೆ, ಒಂದೇ ಪಾಕದವರು, ಆದರೂ ವ್ಯತ್ಯಾಸ ಅಂದಮೇಲೆ ನಮ್ಮ ಮೊದಲ ಅನುಮಾನ ಕಬ್ಬು ಕಡಿದು ಎಷ್ಟು ಹೊತ್ತಾಗಿತ್ತು ಅನ್ನುವುದರ ಮೇಲೆ. ಕಡಿದ ಕಬ್ಬಿನೊಳಗೆ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಒಡೆಯುತ್ತಾ ಹೋಗುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ. ನಮ್ಮ ಮಾತನ್ನು ನಂಬಬೇಡಿ, ನೀವೇ ನೋಡಿ. ಒಂದೇ ಸಾಲಿನಿಂದ ಹನ್ನೆರಡು ಜಲ್ಲೆ ಕಡಿದು ನೆರಳಲ್ಲಿಡಿ. ಕಡಿದ ಕೂಡಲೇ ಮೂರು, 24 ಗಂಟೆಗೆ ಮೂರು, 48ಕ್ಕೆ, 72ಕ್ಕೆ ಮೂರು ಮೂರು ಅರೆಯಿರಿ. ಪ್ರತಿ ಸಲ ಬ್ರಿಕ್ಸ್, ಅಂದರೆ ಹಾಲಿನಲ್ಲಿ ಕರಗಿರುವುದರ ಶೇಕಡಾವಾರು ಅಳತೆ, ನೋಡಿ. ಅದನ್ನು ತೋರಿಸುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದವರ ಬಳಿ ಇರುತ್ತದೆ, ಕೇಳಿ ನೋಡಿ. ಹಾಲು ಹಾಕುವ ಮೊದಲು ಡಿಸ್ಟಿಲ್ಡ್ ನೀರಿನ ಹನಿ ಬಿಟ್ಟು ಸೊನ್ನೆ ತೋರಿಸುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಇಲ್ಲೊಂದು ಗುಂಡಿ ಇದೆ. ದಿನ ಕಳೆದಂತೆ ಬ್ರಿಕ್ಸ್ ಏರಬಹುದು! ಕಬ್ಬು ಒಣಗಿ ನೀರು ಕಡಿಮೆಯಾಗಿದ್ದಕ್ಕೆ ಹಾಲು ಗಟ್ಟಿಯಾಗಿರುತ್ತದೆ, ಅಷ್ಟೆ. ಆ ಉಪಕರಣ ಕರಗಿರುವುದನ್ನೆಲ್ಲ ಒಟ್ಟಿಗೆ ಅಳೆಯುತ್ತದೆ, ಸುಕ್ರೋಸ್ ಯಾವುದು ಗ್ಲೂಕೋಸ್ ಯಾವುದು ಅನ್ನುವುದು ಅದಕ್ಕೆ ತಿಳಿಯದು. ಹಾಗಾಗಿ ಕಾಲೇಜಿನ ಲ್ಯಾಬಿನಲ್ಲಿ ಬೆನೆಡಿಕ್ಟ್ ಪರೀಕ್ಷೆಯನ್ನೂ ಮಾಡಿ. ಒಂದು ಪಾಲು ಹಾಲಿಗೆ ನಾಲ್ಕು ಪಾಲು ನೀರು ಬೆರೆಸಿ. 5 ಮಿ.ಲೀ. ಬೆನೆಡಿಕ್ಟ್ ದ್ರಾವಣಕ್ಕೆ ಅದರ ಎಂಟು ಹನಿ ಹಾಕಿ, ಕುದಿಯುವ ನೀರಿನಲ್ಲಿ ಮೂರು ನಿಮಿಷ ಇಡಿ. ಸುಕ್ರೋಸ್ ಇದಕ್ಕೆ ಬಣ್ಣ ಕೊಡುವುದಿಲ್ಲ, ಒಡೆದ ಸಕ್ಕರೆ ಕೊಡುತ್ತದೆ: ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಕೆಂಪು. ಎಲ್ಲ ಟ್ಯೂಬೂ ಒಂದೇ ಬಣ್ಣ ಬಂದರೆ ನೀರಿನ ಪಾಲು ಹೆಚ್ಚು ಕಡಿಮೆ ಮಾಡಿ ಮತ್ತೆ ನೋಡಿ. ಆಯಾ ದಿನದ ಹಾಲಿಗೆ ಆಯಾ ದಿನವೇ ಪರೀಕ್ಷೆ ಆಗಬೇಕು. ಎತ್ತಿಟ್ಟ ಹಾಲು ಹುಳಿತು ಲೆಕ್ಕ ಕೆಡಿಸುತ್ತದೆ.

ಈಗ ದಾರಿಯ ಮಾತು. ಈ ನಾಲ್ಕು ದಿನದಲ್ಲಿ ಯಾವ ಕೆಲಸಕ್ಕೆ ನಿಮ್ಮ ಕೈ ತಾನಾಗಿ ಹೋಯಿತು ಅಂತ ಗಮನಿಸಿ. ಕೋರ್ಸಿನ ಹೆಸರು ನೋಡಿ ಆರಿಸುವುದಕ್ಕಿಂತ ಇದು ಗಟ್ಟಿ ಸಾಕ್ಷಿ ಎಂದು ನಾವು ನಂಬಿದ್ದೇವೆ. ಗದ್ದೆಯಲ್ಲಿ ಯಾವ ಸಾಲು, ಯಾವ ತಳಿ ಅನ್ನುವುದೇ ಹಿಡಿಸಿದರೆ ಬಿ.ಎಸ್ಸಿ. ಕೃಷಿ. ಕೃಷಿ ಕಾಲೇಜು ವಿ.ಸಿ. ಫಾರಂನಲ್ಲೇ ಇದೆ. ಸೀಟು ಸಿಇಟಿ ಮೂಲಕ, ರೈತರ ಮಕ್ಕಳಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಉಂಟು, ಅರ್ಜಿಯಲ್ಲಿ ಆ ಕಾಲಂ ಬಿಡಬೇಡಿ. ಟ್ಯೂಬಿನ ಬಣ್ಣ ಹಿಡಿಸಿದರೆ ರಸಾಯನಶಾಸ್ತ್ರದ ಬಿ.ಎಸ್ಸಿ. ಕೊಪ್ಪರಿಗೆಯ ಪಕ್ಕದಿಂದ ಏಳಲು ಮನಸ್ಸಾಗದಿದ್ದರೆ ಆಹಾರ ತಂತ್ರಜ್ಞಾನ. 1950ರಲ್ಲಿ ಶುರುವಾದ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಪದವಿಯ ನಂತರ ಎರಡು ವರ್ಷದ ಎಂ.ಎಸ್ಸಿ. ಇದೆ. ತಂಗಿಗೆ, ತಮ್ಮನಿಗೆ ಇದನ್ನೆಲ್ಲ ವಿವರಿಸುವಾಗಲೇ ಹೆಚ್ಚು ಖುಷಿಯಾಗಿದ್ದರೆ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ: ನಾಲ್ಕು ವರ್ಷಕ್ಕೆ ಬಿ.ಎಸ್ಸಿ., ಬಿ.ಎಡ್. ಎರಡೂ ಒಟ್ಟಿಗೆ. ಬರೆದಿಟ್ಟ ಅಂಕಿಗಳನ್ನು ಅಪ್ಪನ ಮುಂದಿಡಿ. ಕಬ್ಬು ಬೆಳೆಯುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಬೋರ್‌ವೆಲ್ ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್ ಒಳಗೆ ಬಿಳಿ ಪದರ ಕಟ್ಟಿದೆ. ಕುಡಿದರೆ ತೊಂದರೆಯೇ?
– ಗೃಹಿಣಿ, ಮದ್ದೂರು

ಉತ್ತರ: ಅದು ಕ್ಯಾಲ್ಸಿಯಂ ಕಾರ್ಬೊನೇಟ್, ವಿಷವಲ್ಲ. ಆದರೆ ಪದರ ದಪ್ಪವಾದಷ್ಟೂ ಶಾಖ ನೀರಿಗೆ ದಾಟುವುದು ತಡವಾಗುತ್ತದೆ, ಕಾಯಿಲ್ ಬೇಗ ಸುಡುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಪುಡಿ (ದಿನಸಿ ಅಂಗಡಿಯ ನಿಂಬೆ ಉಪ್ಪು) ಹಾಕಿ, ಬಿಸಿ ಮಾಡಿ ಅರ್ಧ ಗಂಟೆ ಬಿಡಿ, ಆಮೇಲೆ ಎರಡು ಸಲ ತೊಳೆಯಿರಿ. ಟಾಯ್ಲೆಟ್ ಆಸಿಡ್ ಮಾತ್ರ ಬೇಡವೇ ಬೇಡ, ಸ್ಟೀಲನ್ನೂ ತಿನ್ನುತ್ತದೆ.

ಪ್ರಶ್ನೆ: ಬಿ.ಎಸ್ಸಿ. ಮುಗಿಸಿ 18 ವರ್ಷವಾಯ್ತು. ಈಗ ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಉಬ್ಬದಿರುವುದಷ್ಟೇ ನನ್ನ ವಿಜ್ಞಾನ. ಮತ್ತೆ ಓದಲು ತಡವಾಯಿತೇ?
– ಕುವೆಂಪುನಗರ, ಮೈಸೂರು

ಉತ್ತರ: ಇಲ್ಲ. ಶುರುವನ್ನು ಆ ಹಿಟ್ಟಿನಿಂದಲೇ ಮಾಡಿ. ಹಿಟ್ಟು ಉಬ್ಬಿಸುವುದು ಲ್ಯೂಕೊನೊಸ್ಟಾಕ್ ಥರದ ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡ್. ಮೈಸೂರಿನ ಚಳಿಗಾಲದ ರಾತ್ರಿಯಲ್ಲಿ ಅವುಗಳ ಕೆಲಸ ನಿಧಾನ. ನೇರ ಬದಿಯ ನಾಲ್ಕು ಗಾಜಿನ ಲೋಟಗಳಿಗೆ ಒಂದೇ ಹಿಟ್ಟನ್ನು ಮೂರನೇ ಒಂದು ಭಾಗ ತುಂಬಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಎರಡು ಲೋಟ ಅಡುಗೆಮನೆಯ ಕಟ್ಟೆ ಮೇಲೆ. ಇನ್ನೆರಡು ಥರ್ಮೋಕೋಲ್ ಡಬ್ಬಿಯಲ್ಲಿ, ಪಕ್ಕಕ್ಕೆ ಬಿಸಿನೀರಿನ ಚೊಂಬು ಇಟ್ಟು ಮುಚ್ಚಿ, ಮಲಗುವ ಮುನ್ನ ನೀರು ಬದಲಿಸಿ. 8, 10, 12 ಗಂಟೆ ಕಳೆದ ಮೇಲೆ ಏರಿಕೆಯನ್ನು ಸ್ಕೇಲಿನಲ್ಲಿ ಅಳೆಯಿರಿ.

ಎರಡೆರಡು ಲೋಟ ಯಾಕೆ? ಕಟ್ಟೆಯ ಮೇಲಿನ ಎರಡರ ನಡುವೆಯೇ ಅರ್ಧ ಅಂಗುಲ ವ್ಯತ್ಯಾಸ ಬಂದರೆ, ಡಬ್ಬಿಯದು ಅರ್ಧ ಅಂಗುಲ ಹೆಚ್ಚು ಏರಿದ್ದಕ್ಕೆ ಅರ್ಥವಿಲ್ಲ. ಉಪ್ಪನ್ನು ಮೊದಲೇ ಹಾಕಬೇಕೋ ಆಮೇಲೋ ಅನ್ನುವುದನ್ನು ಮರುದಿನ ನೋಡಿ, ಬಿಸಿಯ ಜೊತೆಗೇ ಬದಲಿಸಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಲೋಟ ಅಲುಗಿಸಬೇಡಿ, ಗಾಳಿ ಹೋದರೆ ಮಟ್ಟ ಕುಸಿಯುತ್ತದೆ.

ಎರಡು ವಾರ ಬರೆದಿಡಲು ಬೇಸರವಾಗದಿದ್ದರೆ ಓದಿಗೆ ನೀವು ತಯಾರು. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ವಿಜ್ಞಾನದ ಕೋರ್ಸಿಗೆ ಫೀಸು ಕಟ್ಟುವ ಮೊದಲು ಎರಡು ವಿಷಯ ವಿಚಾರಿಸಿ: ಆ ವರ್ಷದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆಯ ಪಟ್ಟಿಯಲ್ಲಿ ಆ ಕೋರ್ಸ್ ಇದೆಯೇ, ಪ್ರಾಯೋಗಿಕ ತರಗತಿಗಳು ಯಾವ ತಿಂಗಳು ಎಷ್ಟು ದಿನ. ಮಕ್ಕಳ ಪರೀಕ್ಷೆಯ ದಿನಗಳಿಗೆ ತಗಲಿದರೆ ಲ್ಯಾಬ್ ತಪ್ಪುತ್ತದೆ.

ಪ್ರಶ್ನೆ: ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಮೈಸೂರಿನಲ್ಲಿ ಬಿ.ಎಸ್ಸಿ. ಪಾಠ ಅರ್ಥವಾಗ್ತಿಲ್ಲ, ಬಿಡೋಣ ಅನ್ನಿಸ್ತಿದೆ.
– ಮಳವಳ್ಳಿ

ಉತ್ತರ: ಬಿಡಬೇಡಿ. ಎಡವಿಸುವುದು ಎಂಟ್ರೊಪಿ, ಮೈಟೊಕಾಂಡ್ರಿಯಾ ಥರದ ವಿಜ್ಞಾನದ ಪದಗಳಲ್ಲ. ಅವು ಎಲ್ಲರಿಗೂ ಹೊಸವು, ಪಕ್ಕದಲ್ಲಿ ಕೂತವರಿಗೂ. ಎಡವಿಸುವುದು ಸಣ್ಣ ಇಂಗ್ಲಿಷ್ ಪದಗಳು: ‘ರೆಸ್ಪೆಕ್ಟಿವ್ಲಿ’, ‘ಅನ್‌ಲೆಸ್’, ‘ಅಟ್ ಮೋಸ್ಟ್’, ‘ನೆಗ್ಲಿಜಿಬಲ್’. ‘ಅಟ್ ಮೋಸ್ಟ್’ ಅಂದರೆ ಹೆಚ್ಚೆಂದರೆ, ‘ಅಟ್ ಲೀಸ್ಟ್’ ಅಂದರೆ ಕಡೇಪಕ್ಷ. ಇದು ಅದಲು ಬದಲಾದರೆ ಸರಿಯಾದ ಲೆಕ್ಕಕ್ಕೂ ತಪ್ಪು ಉತ್ತರ. ಇಂಥವಕ್ಕೇ ಒಂದು ನೋಟ್‌ಬುಕ್ ಇಡಿ, ಪ್ರತಿ ಪದದ ಮುಂದೆ ಅದು ಬಂದ ಪೂರ್ತಿ ವಾಕ್ಯ ಬರೆಯಿರಿ, ಕೆಳಗೆ ಕನ್ನಡದಲ್ಲಿ ಅದೇ ವಾಕ್ಯ. ದಿನಕ್ಕೊಂದು ಬಿಡಿಸಿದ ಲೆಕ್ಕವನ್ನು ರೂಮ್‌ಮೇಟಿಗೆ ಕನ್ನಡದಲ್ಲೇ ಹೇಳಿ. ಹೇಳುತ್ತಾ ನಾಲಿಗೆ ತಡವರಿಸಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮರುದಿನ ಕ್ಲಾಸಿನಲ್ಲಿ ಆ ಒಂದು ಸಾಲನ್ನು ಮಾತ್ರ ಕೇಳಿ.