ಮೆಕ್‌ಡೇವಿಡ್ ಎರಡು ವರ್ಷಕ್ಕೆ ಸಹಿ ಮಾಡಿದ, ನೀನು ಮಾಡಬೇಡ

ತಮ್ಮಾ, ಕೆನಡಾದ ಎಡ್ಮಂಟನ್‌ಗೆ ಹೋದ ಹೊಸದರಲ್ಲಿ ಎಲ್ಲರೂ ಚಳಿಯ ಬಗ್ಗೆ ಕೇಳುತ್ತಾರೆ, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನೀನು ಕೇಳಿರುವುದು ಅಲ್ಲಿನ ಐಸ್ ಹಾಕಿ ತಂಡದ ತಾರೆ ಕಾನರ್ ಮೆಕ್‌ಡೇವಿಡ್‌ನ ಒಪ್ಪಂದದ ಬಗ್ಗೆ. ಎಂಟು ವರ್ಷ ಸಿಗುವಾಗ ಎರಡೇ ವರ್ಷಕ್ಕೆ ಸಹಿ ಮಾಡಿದವನು ಜಾಣನೋ ಹುಚ್ಚನೋ ಎಂದು ಕಚೇರಿಯಲ್ಲಿ ದಿನವೂ ಊಟದ ಹೊತ್ತಿಗೆ ಜಗಳವಂತೆ. ಅದರ ಬೆನ್ನಿಗೇ ನಿನ್ನ ಅಸಲು ಪ್ರಶ್ನೆ ಬಂದಿದೆ: ಕೈಯಲ್ಲಿರುವ ಕಾಯಂ ಕೆಲಸ ಬಿಟ್ಟು, ಗಂಟೆಗೆ ಹೆಚ್ಚು ಕೊಡುವ ಒಂದು ವರ್ಷದ ಕಾಂಟ್ರ್ಯಾಕ್ಟ್ ಹಿಡಿಯಲೇ?

ಬೇಡ. ಏಕೆ ಬೇಡ ಎನ್ನುವುದಕ್ಕೆ ಮೊದಲ ಪ್ರಶ್ನೆಯನ್ನೇ ಬಿಡಿಸಬೇಕು.

ನಾನೀಗ ರಜೆಯ ಮೇಲೆ ಶ್ರೀನಿವಾಸಪುರದಲ್ಲಿದ್ದೇನೆ. ಮಾವಿಗೆ ಹೂ ಬಂದಿದೆ, ತೋಟವನ್ನು ಗುತ್ತಿಗೆಗೆ ಕೇಳಿಕೊಂಡು ವ್ಯಾಪಾರಿಗಳು ಬರುತ್ತಿದ್ದಾರೆ. ನಿಮ್ಮ ಮುಳಬಾಗಿಲಿನ ಕಡೆಯೂ ಇದು ಇದ್ದದ್ದೇ. ಮೂರು ವರ್ಷಕ್ಕೆ ಒಟ್ಟಿಗೆ ಕೊಡಿ, ಮುಂಗಡ ಇಂದೇ ಎಣಿಸುತ್ತೇನೆ ಎನ್ನುತ್ತಾನೆ ಒಬ್ಬ. ಈ ಫಸಲಿಗೆ ಮಾತ್ರ ಸಾಕು ಎನ್ನುತ್ತಾನೆ ಇನ್ನೊಬ್ಬ. ಮೂರು ವರ್ಷಕ್ಕೆ ಕೊಟ್ಟರೆ ಆಲಿಕಲ್ಲು ಬಿದ್ದರೂ ಬೂದಿ ರೋಗ ಹತ್ತಿದರೂ ನಷ್ಟ ಅವನದು. ನಡುವೆ ತೋತಾಪುರಿಯ ಬೆಲೆ ಏರಿದರೆ ಲಾಭವೂ ಅವನದೇ. ನಮ್ಮ ದೊಡ್ಡಪ್ಪ ನೋಟಿನ ಕಟ್ಟಿನ ಕಡೆ ಕಣ್ಣೆತ್ತದೆ, ರೆಂಬೆ ಬಗ್ಗಿಸಿ ಹೂಗೊಂಚಲನ್ನು ಅಂಗೈ ಮೇಲೆ ತಟ್ಟುತ್ತಾರೆ, ಜಿಗಿಹುಳು ಉದುರುತ್ತದೆಯೇ ಎಂದು ನೋಡುತ್ತಾರೆ. ಮಾತು ಆಮೇಲೆ. ಹಾಕಿ ಆಟಗಾರನ ಏಜೆಂಟ್ ಮಾಡುವ ಚೌಕಾಶಿಯೂ ಇದೇ ಜಾತಿಯದು.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 2004–05ರ ಇಡೀ ಋತು ಮಾಲೀಕರು-ಆಟಗಾರರ ಜಗಳದಲ್ಲಿ ಹಾಳಾಯಿತು. ಆ ಬಳಿಕ ತಂಡವೊಂದು ಸಂಬಳಕ್ಕೆ ಒಟ್ಟು ಇಷ್ಟೇ ಖರ್ಚು ಮಾಡಬಹುದು ಎಂಬ ಮಿತಿ ಬಂತು. ಮಿತಿಯ ಲೆಕ್ಕಕ್ಕೆ ಹಿಡಿಯುವುದು ಒಪ್ಪಂದದ ವಾರ್ಷಿಕ ಸರಾಸರಿಯನ್ನು. ಮಾಲೀಕರು ಕಳ್ಳದಾರಿ ಹುಡುಕದೆ ಬಿಡುತ್ತಾರೆಯೇ? ಕೊನೆಯ ವರ್ಷಗಳಿಗೆ ಚಿಲ್ಲರೆ ಸಂಬಳ ಬರೆದು ಅವಧಿಯನ್ನು ಎಳೆದರು, ಸರಾಸರಿ ಇಳಿಯಿತು. 2010ರಲ್ಲಿ ನ್ಯೂಜೆರ್ಸಿ ತಂಡ ಇಲ್ಯಾ ಕೊವಾಲ್ಚುಕ್‌ಗೆ 17 ವರ್ಷದ ಒಪ್ಪಂದ ಬರೆದಾಗ ಮಧ್ಯಸ್ಥಗಾರರು ಅದನ್ನು ಹೊಡೆದುಹಾಕಿದರು. 2013ರಲ್ಲಿ ಅವಧಿಗೂ ಕಡಿವಾಣ ಬಿತ್ತು: ಸ್ವಂತ ತಂಡದೊಂದಿಗೆ 8 ವರ್ಷ, ಬೇರೆ ತಂಡಕ್ಕೆ ಹೋದರೆ 7. ಸೆಪ್ಟೆಂಬರ್ 2026ರಿಂದ ಅದು 7 ಮತ್ತು 6.

ದೀರ್ಘಾವಧಿ ಯಾರನ್ನು ಉಳಿಸಿತು ನೋಡು. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊ 2006ರಲ್ಲಿ 15 ವರ್ಷಕ್ಕೆ 6.75 ಕೋಟಿ ಡಾಲರ್‌ಗೆ ಸಹಿ ಮಾಡಿದ. ಮೈಯೆಲ್ಲ ಗಾಯ, ಆಟ ಹದಗೆಟ್ಟಿತು, 2013ರಲ್ಲಿ ತಂಡವೇ ಒಪ್ಪಂದವನ್ನು ಬಿಡಿಸಿಕೊಂಡಿತು. ಹಾಗೆ ಬಿಡಿಸಿಕೊಳ್ಳಬೇಕಾದರೆ ಬಾಕಿ ಹಣದ ಮೂರನೆಯ ಎರಡು ಭಾಗವನ್ನು, ಉಳಿದ ವರ್ಷಗಳ ಎರಡರಷ್ಟು ಕಾಲ ಹಂಚಿ ಕೊಡಬೇಕು. ಹೀಗಾಗಿ ಆತನಿಗೆ 2029ರವರೆಗೆ ವರ್ಷಕ್ಕೆ 15 ಲಕ್ಷ ಡಾಲರ್ ಬರುತ್ತಲೇ ಇರುತ್ತದೆ. ಇನ್ನೊಂದು ಕಡೆ ಕೊಲರಾಡೊದ ನೇಥನ್ ಮೆಕಿನನ್: 2016ರಲ್ಲಿ ವರ್ಷಕ್ಕೆ 63 ಲಕ್ಷದಂತೆ ಏಳು ವರ್ಷಕ್ಕೆ ಕಟ್ಟಿಸಿಕೊಂಡ, ಆಮೇಲೆ ಲೀಗಿನ ಅತ್ಯುತ್ತಮರಲ್ಲಿ ಒಬ್ಬನಾದ, ಸಂಬಳ ಮಾತ್ರ ಇದ್ದಲ್ಲೇ ಇತ್ತು.

ಅಲ್ಪಾವಧಿಯಲ್ಲೂ ಎರಡು ಮುಖ. ಮಾಂಟ್ರಿಯಲ್‌ನ ಪಿ.ಕೆ. ಸುಬ್ಬನ್ 2013ರಲ್ಲಿ ಎರಡು ವರ್ಷದ ಸಣ್ಣ ಮೊತ್ತಕ್ಕೆ ಒಪ್ಪಿದ, ಅದೇ ಋತುವಿನಲ್ಲಿ ಅತ್ಯುತ್ತಮ ಡಿಫೆನ್ಸ್ ಆಟಗಾರನ ನಾರಿಸ್ ಟ್ರೋಫಿ ಗೆದ್ದ, 2014ರಲ್ಲಿ ಎಂಟು ವರ್ಷಕ್ಕೆ 7.2 ಕೋಟಿ ಎಣಿಸಿಕೊಂಡ. ಟೇಲರ್ ಹಾಲ್‌ಗೆ ಆ ಅದೃಷ್ಟವಿರಲಿಲ್ಲ. ಕೊರೋನಾ ಕಾಲದಲ್ಲಿ ಸಂಬಳದ ಮಿತಿ 8.15 ಕೋಟಿಯಲ್ಲೇ ಹೆಪ್ಪುಗಟ್ಟಿತ್ತು. ಒಂದು ವರ್ಷ ಮಿಂಚಿ ಆಮೇಲೆ ದೊಡ್ಡದು ಹೊಡೆಯೋಣ ಎಂದು ಬಫಲೋ ತಂಡಕ್ಕೆ 80 ಲಕ್ಷಕ್ಕೆ ಹೋದ. ಅಲ್ಲಿ 37 ಪಂದ್ಯಗಳಲ್ಲಿ ಎರಡೇ ಗೋಲು. ಮುಂದೆ ಬಾಸ್ಟನ್‌ನಲ್ಲಿ ಸಿಕ್ಕಿದ್ದು ವರ್ಷಕ್ಕೆ 60 ಲಕ್ಷ. ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡಿದ್ದವನ ಕಥೆ ಇದು!

ಇನ್ನು ನಿಮ್ಮ ಊರಿನ ದೊರೆ. ಎಡ್ಮಂಟನ್ 2024 ಮತ್ತು 2025ರ ಎರಡೂ ಸ್ಟಾನ್ಲಿ ಕಪ್ ಫೈನಲ್‌ಗಳಲ್ಲಿ ಫ್ಲಾರಿಡಾಗೆ ಸೋತಿತು. 2025ರ ಅಕ್ಟೋಬರ್‌ನಲ್ಲಿ ಮೆಕ್‌ಡೇವಿಡ್ ಹಳೆಯ ಸಂಬಳಕ್ಕೇ, ವರ್ಷಕ್ಕೆ 1.25 ಕೋಟಿಗೆ, ಇನ್ನೆರಡು ವರ್ಷ ಒಪ್ಪಿದ. ಅದಕ್ಕೆ ಕೆಲವೇ ದಿನ ಮೊದಲು ಮಿನೆಸೋಟದ ಕಿರಿಲ್ ಕಪ್ರಿಜೊವ್ ವರ್ಷಕ್ಕೆ 1.7 ಕೋಟಿಯಂತೆ ಎಂಟು ವರ್ಷಕ್ಕೆ ಸಹಿ ಮಾಡಿದ್ದ. ಉಳಿದ ಹಣದಲ್ಲಿ ಒಳ್ಳೆಯ ಆಟಗಾರರನ್ನು ತನ್ನಿ, ಕಪ್ ಗೆಲ್ಲಿಸಿ, ಇಲ್ಲವಾದರೆ 2028ರಲ್ಲಿ ನನ್ನ ದಾರಿ ನನಗೆ: ನಾನು ಓದಿಕೊಳ್ಳುವುದು ಹೀಗೆ. ಸಂಬಳದ ಮಿತಿಯೂ ಈಗ ಏರುಮುಖದಲ್ಲಿದೆ, 2025–26ಕ್ಕೆ 9.55 ಕೋಟಿ, ಆದ್ದರಿಂದ ಕಾದವನಿಗೆ ನಷ್ಟವಾಗುವ ಸಂಭವ ಕಡಿಮೆ. ಜಾಣನೇ. ಆದರೆ ಅವನ ಹಿಂದೆ ಹತ್ತು ಕೋಟಿ ಡಾಲರ್‌ನ ಹಳೆಯ ಒಪ್ಪಂದವಿತ್ತು ಎನ್ನುವುದನ್ನು ಊಟದ ಮೇಜಿನವರು ಮರೆಯುತ್ತಾರೆ. ಮಂಡಿ ಮುರಿದರೂ ಮನೆ ನಡೆಯುತ್ತದೆ.

ನೀನು ಹೋಲಿಸಿಕೊಳ್ಳಬೇಕಾದದ್ದು ತಂಡದ ಕೊನೆಯ, ನಾಲ್ಕನೇ ಸಾಲಿನಲ್ಲಿ ಆಡುವ ಹುಡುಗನೊಂದಿಗೆ. ಅವನಿಗೆ ಇನ್ನೊಂದು ವರ್ಷ ಸೇರಿಸಿ ಕೊಡುತ್ತೇವೆ ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾನೆ, ಸರಾಸರಿ ಸ್ವಲ್ಪ ತಗ್ಗಿದರೂ.

ನಿನ್ನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ, ಇದು ಹಾಕಿಯವರಿಗಿಲ್ಲ. ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಮೂಲಕ ಕಾಯಂ ನಿವಾಸಕ್ಕೆ ಅರ್ಜಿ ಹಾಕಲು ಒಂದು ವರ್ಷದ, ಅಂದರೆ 1,560 ಗಂಟೆಗಳ ಕುಶಲ ಕೆಲಸದ ಅನುಭವ ಬೇಕು. ಸ್ವಯಂ ಉದ್ಯೋಗಿಯಾಗಿ ದುಡಿದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಗಂಟೆಗೆ ಹೆಚ್ಚು ಕೊಡುವ ಎಷ್ಟೋ ಕಾಂಟ್ರ್ಯಾಕ್ಟ್‌ಗಳಲ್ಲಿ ನೀನು ನೌಕರನಲ್ಲ, ಬಿಲ್ ಬರೆದು ಕಳುಹಿಸುವ ಹೊರಗಿನವ. ಉದ್ಯೋಗ ವಿಮೆಯೂ ತಾನಾಗಿ ಇರುವುದಿಲ್ಲ. ವರ್ಷಕ್ಕೊಮ್ಮೆ ಟಿ-4, ಅಂದರೆ ನೌಕರರಿಗೆ ಕೊಡುವ ಸಂಬಳದ ಚೀಟಿ, ಕೊಡುತ್ತೀರಾ ಎಂದು ನೇರವಾಗಿ ಕೇಳು. ಇಲ್ಲ ಎಂದರೆ ಮಾತು ಅಲ್ಲಿಗೇ ಮುಗಿಸು. ವರ್ಕ್ ಪರ್ಮಿಟ್‌ನಲ್ಲಿ ಈಗಿನ ಕಂಪನಿಯ ಹೆಸರು ಅಚ್ಚಾಗಿದ್ದರಂತೂ ಹೊಸ ಪರ್ಮಿಟ್ ಇಲ್ಲವೇ ವಲಸೆ ಇಲಾಖೆಯ ಅನುಮತಿ ಇಲ್ಲದೆ ಬೇರೆ ಕಡೆ ಕಾಲಿಡುವ ಹಾಗೇ ಇಲ್ಲ.

ಕಾಯಂ ನಿವಾಸ (ಪಿಆರ್) ಕೈಗೆ ಬಂದ ಮೇಲೆ ಬೇಕಾದರೆ ಸುಬ್ಬನ್‌ನಂತೆ ಪಣಕ್ಕೆ ಇಳಿ, ನಾನೇ ಬೆನ್ನು ತಟ್ಟುತ್ತೇನೆ. ಸದ್ಯಕ್ಕೆ ಅವರು ಕೊಟ್ಟಿರುವ ಕರಡನ್ನು ಕಳುಹಿಸು, ನೋಟಿಸ್ ಅವಧಿ ಎಷ್ಟೆಂದು ನೋಡಿ ಹೇಳುತ್ತೇನೆ. ನಿನಗೆ ರಾತ್ರಿ ಎಂಟಾದಾಗ ನನಗಿಲ್ಲಿ ಬೆಳಗ್ಗೆ ಎಂಟೂವರೆ, ಆಗಲೇ ಫೋನ್ ಮಾಡು. ಹತ್ತರ ಮೇಲೆ ತೋಟದಲ್ಲಿರುತ್ತೇನೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ.