ದಿಲ್ಲಿಯ ನವೆಂಬರ್ ಹೊಗೆ ಅಳೆಯಲು ಡಾರ್ಕ್ ಟಾರ್ಗೆಟ್ ಒಳ್ಳೆಯದೋ ಡೀಪ್ ಬ್ಲೂ ಒಳ್ಳೆಯದೋ?

ನಿಮ್ಮದು ಎಂ.ಎಸ್ಸಿ. ಪ್ರಾಜೆಕ್ಟು, ಮೋಡಿಸ್ (ನಾಸಾ ಉಪಗ್ರಹಗಳ ಮೇಲಿನ ಕ್ಯಾಮೆರಾದಂಥ ಉಪಕರಣ) ಡೇಟಾ, ದಿಲ್ಲಿ. ಡಾರ್ಕ್ ಟಾರ್ಗೆಟ್, ಡೀಪ್ ಬ್ಲೂ ಎರಡೂ ಆ ಡೇಟಾದಿಂದ ಗಾಳಿಯಲ್ಲಿನ ಹೊಗೆ, ಧೂಳು ಲೆಕ್ಕ ಹಾಕುವ ಅಲ್ಗಾರಿದಮ್‌ಗಳು. ನಾನೂ ಇಲ್ಲೇ ಸಿಕ್ಕಿಬಿದ್ದವನು. ಡಾರ್ಕ್ ಟಾರ್ಗೆಟ್ ಹಿಡಿದೆ, ಗುಣಮಟ್ಟದ ಫ್ಲ್ಯಾಗ್ 3 (ಎಲ್ಲಕ್ಕಿಂತ ಮೇಲಿನ ದರ್ಜೆ) ಇದ್ದದ್ದನ್ನಷ್ಟೇ ಇಟ್ಟುಕೊಂಡು ತಿಂಗಳ ಸರಾಸರಿ ತೆಗೆದೆ. ಪಂಜಾಬಿನಲ್ಲಿ ಕೂಳೆ ಸುಡುವ ಹೊತ್ತಿನ ಎಒಡಿ (ಗಾಳಿಯಲ್ಲಿನ ಹೊಗೆ, ಧೂಳು ಬೆಳಕನ್ನು ಎಷ್ಟು ತಡೆಯುತ್ತವೆ ಅನ್ನುವ ಅಳತೆ) ತೀರಾ ಕಡಿಮೆ ಬಂತು. ಗಾಳಿಯ ದಿಕ್ಕು ಅದೂ ಇದೂ ಅಂತ ಅದಕ್ಕೊಂದು ಅಧ್ಯಾಯವನ್ನೇ ಹೊಸೆದೆ. ಗೈಡ್ ಕೇಳಿದ್ದು ಒಂದೇ ಮಾತು: "ಇದರಲ್ಲಿ ಎಷ್ಟು ದಿನದ ಡೇಟಾ ಇದೆಯಪ್ಪಾ?" ನೋಡಿಯೇ ಇರಲಿಲ್ಲ. ಒಂದು ಸೆಮಿಸ್ಟರ್ ಅಲ್ಲಿಗೆ ಹೋಯಿತು.

ಆಗಿದ್ದು ಇಷ್ಟು. 500 ಮೀಟರಿನ 400 ಪಿಕ್ಸೆಲ್ ಸೇರಿ 10 ಕಿ.ಮೀ.ಯ ಒಂದು ಚೌಕ. ಅದರಲ್ಲಿ ಮೊದಲು ಮೋಡವನ್ನು ತೆಗೆದುಹಾಕುತ್ತಾರೆ. ಮೋಡ ಗುರುತಿಸುವ ಒಂದು ಉಪಾಯ, ಅಕ್ಕಪಕ್ಕದ ಪಿಕ್ಸೆಲ್ಲುಗಳ ಹೊಳಪಿನ ಏರುಪೇರು ನೋಡುವುದು. ದಟ್ಟ ಹೊಗೆಯೂ ಗಂಟುಗಂಟಾಗಿಯೇ ಇರುತ್ತದಲ್ಲ, ಅದೂ ಮೋಡದ ಲೆಕ್ಕಕ್ಕೆ ಹೋಗಿಬಿಡುತ್ತದೆ. ಮಿಕ್ಕವುಗಳಲ್ಲಿ ಹೆಚ್ಚು ಹೊಳೆಯುವ ಶೇ 50, ಹೆಚ್ಚು ಕಪ್ಪಾದ ಶೇ 20 ಹೊರಕ್ಕೆ. ಉಳಿದದ್ದು ಸಾಲದಿದ್ದರೆ ಫ್ಲ್ಯಾಗ್ ಇಳಿಯುತ್ತದೆ. ಅಂಥದ್ದನ್ನು ನಾನೇ ಕೈಯಾರೆ ಎಸೆದಿದ್ದೆ. ದಿಲ್ಲಿಯವರು ಕಣ್ಣುರಿ ಅಂತ ಒದ್ದಾಡಿದ ದಿನಗಳೇ ನನ್ನ ಪಟ್ಟಿಯಲ್ಲಿ ಖಾಲಿ! ಶಾಲೆಗೆ ಬಂದ ಮಕ್ಕಳನ್ನಷ್ಟೇ ನೋಡಿ ಊರಲ್ಲಿ ಜ್ವರವೇ ಇಲ್ಲ ಅಂದ ಹಾಗಾಯಿತು.

ಆದ್ದರಿಂದ ಯಾವ ಅಲ್ಗಾರಿದಮ್ ಅನ್ನುವ ನಿಮ್ಮ ಪ್ರಶ್ನೆಯೇ ಈಗ ಬೇಡ. (ಡೀಪ್ ಬ್ಲೂ ಹುಟ್ಟಿದ್ದು ಮರುಭೂಮಿಯಂಥ ಹೊಳೆಯುವ ನೆಲಕ್ಕೆ, ನಗರದ ಮೇಲೂ ಚೆನ್ನಾಗಿಯೇ ನಡೆಯುತ್ತದೆ. ಅಷ್ಟು ಸಾಕು.) ಮೊದಲು ದಿನವಾರು ಪಟ್ಟಿ ಮಾಡಿ. ಖಾಲಿ ಇರುವ ದಿನಗಳಲ್ಲಿ ನೆಲದ ಮೇಲಿನ ಪಿಎಂ 2.5 (ಗಾಳಿಯ ಅತಿ ಸಣ್ಣ ಕಣಗಳು) ಮಾಪಕ ಏನು ಹೇಳಿದೆ ನೋಡಿ. ಅವತ್ತಿನ ಉಪಗ್ರಹದ ಬಣ್ಣದ ಚಿತ್ರ ತೆರೆದು ಬಿಳಿ ಮೋಡವೋ ಬೂದು ಹೊಗೆಯೋ ಕಣ್ಣಾರೆ ತೀರ್ಮಾನಿಸಿ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ.

ಎಒಡಿಯನ್ನು ಒಂದೇ ಗುಣಾಂಕದಿಂದ ಗುಣಿಸಿ ಪಿಎಂ 2.5 ಮಾಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಎಒಡಿ ನೆಲದಿಂದ ಆಕಾಶದವರೆಗಿನ ಇಡೀ ಕಂಬದ ಲೆಕ್ಕ. ಮೇ ತಿಂಗಳ ಧೂಳು ಕಿಲೋಮೀಟರುಗಟ್ಟಲೆ ಮೇಲೇರಿರುತ್ತದೆ, ನವೆಂಬರಿನ ಹೊಗೆ ಮೂಗಿನ ಮಟ್ಟದಲ್ಲೇ ಕೂತಿರುತ್ತದೆ. ಎಒಡಿ ಒಂದೇ ಇದ್ದರೂ ಉಸಿರಾಡುವ ಗಾಳಿ ಬೇರೆ. ತಾಳೆ ನೋಡಲು, ನೆಲದಿಂದಲೇ ಎಒಡಿ ಅಳೆಯುವ ಕೇಂದ್ರಗಳ ಜಾಲವಾದ ಏರೋನೆಟ್‌ನ ಕಾನ್ಪುರ ಕೇಂದ್ರದ ದಾಖಲೆ 2001ರಿಂದ ಪುಕ್ಕಟೆ ಸಿಗುತ್ತದೆ, ಮೊದಲು ಅದನ್ನು ಇಳಿಸಿಕೊಳ್ಳಿ.